ನೆಗೆಟಿವ್ ಇಲ್ಲದ ಫೋಟೋ

ನಂಬಿಕೆ ಅನ್ನುವುದು ನನ್ನ ಮೈಯಲ್ಲಿ ಹುಟ್ಟಿದ ಗುಣವಲ್ಲ. ಹಾಲಿನವಳು ಪಾವಿನಲ್ಲಿ ಅಳೆದು ಹಾಕುವಾಗ ಅವಳ ಹೆಬ್ಬೆರಳು ಒಳಗಿದೆಯೋ ಹೊರಗಿದೆಯೋ ಅಂತ ಬಗ್ಗಿ ನೋಡುವವನು ನಾನು. ಹಾಗಿರುವಾಗ ನನ್ನ ಬಾಮೈದ, ಅಂದರೆ ಹೆಂಡತಿಯ ತಮ್ಮ, ನರಸೀಪುರದಿಂದ ಬಸ್ಸಿನಲ್ಲಿ ಬಂದು ನಂಜನಗೂಡಿನ ನನ್ನ ಸ್ಟುಡಿಯೋದ ಮೇಜಿನ ಮೇಲೆ ಒಂದು ಡಿಜಿಟಲ್ ಕ್ಯಾಮೆರಾ ಇಟ್ಟ. ಒಂದು ತಿಂಗಳು ಇಟ್ಟುಕೊಂಡು ನೋಡಿ ಭಾವ, ಆಮೇಲೆ ನೀವೇ ಕೊಂಡುಕೊಳ್ಳುತ್ತೀರಿ ಅಂದ. ನಾನು ಮೊದಲು ಮಾಡಿದ ಕೆಲಸ ಅದನ್ನು ತಿರುಗಿಸಿ ಬೆನ್ನು ನೋಡಿದ್ದು. ರೋಲು ಹಾಕುವ ಬಾಗಿಲೇ ಇರಲಿಲ್ಲ.

ಈಗ ದನ ಕಾಯುವವನ ಜೇಬಿನಲ್ಲೂ ಕ್ಯಾಮೆರಾ ಇದೆ, ನನ್ನ ಮಾತು ಕೇಳಿ ನಗುವವರು ನಗಲಿ. ಆಗ ಹಾಗಿರಲಿಲ್ಲ. ಡಿಜಿಟಲ್ ಅನ್ನುವ ಮಾತು ಮೈಸೂರು ದಾಟಿ ನಮ್ಮ ಕಡೆಗೆ ಬಂದು ಎರಡು ಮೂರು ವರ್ಷವಾಗಿತ್ತು ಅಷ್ಟೆ. ಬಾಮೈದ ನರಸೀಪುರದಲ್ಲಿ ತನ್ನ ಸ್ಟುಡಿಯೋಗೆ ಆಗಲೇ ಕಂಪ್ಯೂಟರು, ಪ್ರಿಂಟು ತೆಗೆಯುವ ಮೆಷೀನು ಎಲ್ಲ ಹಾಕಿಸಿ ಕೂತಿದ್ದ. ಫಿಲಂ ಎಲ್ಲಪ್ಪಾ ಅಂತ ಕೇಳಿದೆ. ಉಗುರಿನಗಲದ ಒಂದು ಬಿಲ್ಲೆ ತೆಗೆದು ಅಂಗೈ ಮೇಲಿಟ್ಟು, ಇದರಲ್ಲಿ ಒಂದು ಮದುವೆಯೇ ಹಿಡಿಯುತ್ತೆ ಅಂದ. ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಬೆಳಕಿಗೆ ಹಿಡಿದರೆ ಕಾಣದ ಫೋಟೋ ಎಂಥ ಫೋಟೋ ಅಂತ ಕೇಳಿದ್ದಕ್ಕೆ ಅಕ್ಕ ತಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡರು. ಅವರು ಹಾಗೆ ನೋಡಿಕೊಂಡದ್ದೇ ನನಗೆ ಸಾಕಾಯಿತು. ಇವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಅಂದುಕೊಂಡೆ.

ನನ್ನ ವಾದ ಒಂದೇ ಆಗಿತ್ತು. ನೆಗೆಟಿವ್ ಅಂದರೆ ಮೂಲಪತ್ರ. ಪ್ರಿಂಟು ಅದರ ನಕಲು. ಮೂಲಪತ್ರ ಇಲ್ಲದ ಸೈಟನ್ನು ನಂಜನಗೂಡಿನಲ್ಲಿ ಯಾವನಾದರೂ ಕೊಂಡಾನೆಯೇ? ನಮ್ಮ ಅಟ್ಟದ ಮೇಲೆ ಬಿಸ್ಕತ್ ಡಬ್ಬಗಳಲ್ಲಿ ಇಪ್ಪತ್ತು ವರ್ಷದ ನೆಗೆಟಿವ್‌ಗಳಿದ್ದವು. ಯಾರು ಬಂದು ಯಾವ ಮದುವೆ ಕೇಳಿದರೂ ಹತ್ತು ನಿಮಿಷದಲ್ಲಿ ತೆಗೆದು ಕೊಡುತ್ತಿದ್ದೆ. ಆ ಬಿಲ್ಲೆಯಲ್ಲಾದರೆ ಒಂದು ಗುಂಡಿ ತಪ್ಪಿ ಒತ್ತಿದರೆ ಮದುವೆಗೆ ಮದುವೆಯೇ ಗಾಳಿಗೆ ಹೋಗುತ್ತೆ. ಇದನ್ನು ಬಾಮೈದನೇ ಬಾಯಿಬಿಟ್ಟು ಒಪ್ಪಿಕೊಂಡಿದ್ದ. ಒಪ್ಪಿಕೊಂಡೂ ನಗುತ್ತಿದ್ದ. ಅವನ ನಗು ನನಗೆ ಯಾವತ್ತೂ ಹಿಡಿಸಿದ್ದಲ್ಲ.

ಅವನು ಹೋದ ಎರಡು ಮೂರು ದಿನದ ಮೇಲೆ ನಾನೂ ನನ್ನ ಹೆಂಡತಿಯೂ ಅವರೆಕಾಯಿ ಬಿಡಿಸುತ್ತಾ ಇದೇ ವಿಷಯ ತೂಗಿದೆವು. ತೂಗಿದೆವು ಅನ್ನುವುದು ಮರ್ಯಾದೆಯ ಮಾತು, ಜಗಳವಾಡಿದೆವು. ರೋಲಿನ ಖರ್ಚಿಲ್ಲ, ಮೈಸೂರಿನ ಲ್ಯಾಬಿಗೆ ಕಂಡಕ್ಟರ ಕೈಲಿ ಕಳಿಸಿ ಮೂರು ದಿನ ಕಾಯುವ ಹಾಗಿಲ್ಲ, ಗ್ರೂಪು ಫೋಟೋದಲ್ಲಿ ಯಾರಾದರೂ ಕಣ್ಣು ಪಿಳುಕಿಸಿದ್ದರೆ ಅಲ್ಲೇ ಗೊತ್ತಾಗುತ್ತೆ ಅಂತ ಅವಳು. ಅಲ್ಲೇ ಗೊತ್ತಾಗುವುದೇ ರೋಗ ಕಣೇ ಅಂತ ನಾನು. ಸುಳ್ಳಲ್ಲ. ಹಿಂದಿನ ದಿನವೇ ತಾಲ್ಲೂಕಾಫೀಸಿನ ಗುಮಾಸ್ತನೊಬ್ಬನಿಗೆ ಆ ಕ್ಯಾಮೆರಾದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದಿದ್ದೆ. ಹಿಂದಿನ ಪರದೆ ನೋಡಿ ನೋಡಿ ಏಳು ಸಲ ತೆಗೆಸಿದ. ಏಳರಲ್ಲೂ ಅದೇ ಮೂಗು. ದೇವರು ಕೊಟ್ಟ ಮೂಗಿಗೆ ನಾನೇನು ಮಾಡಲಿ? ರೋಲಿನ ಕಾಲದಲ್ಲಿ ಜನ ಬಂದ ಮುಖವನ್ನು ಒಪ್ಪಿಕೊಂಡು ಕವರಿನಲ್ಲಿ ಹಾಕಿಕೊಂಡು ಹೋಗುತ್ತಿದ್ದರು.

"ತಾನು ಕಳ್ಳ, ಪರರ ನಂಬ" ಅಂದಳು ನನ್ನ ಹೆಂಡತಿ. ನನ್ನ ತಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾನೆ ಅಂದಳು. ಒಳ್ಳೆಯದು ಯಾರಿಗೆ ಅಂತ ನಾನು ಕೇಳಿದೆ. ನಾನು ಡಿಜಿಟಲ್ ತೆಗೆದುಕೊಂಡರೆ ಪ್ರಿಂಟಿಗೆ ಅವನ ಮೆಷೀನಿಗೇ ಹೋಗಬೇಕು, ನಾಳೆ ನಂಜನಗೂಡಿನ ಗಿರಾಕಿಯೆಲ್ಲ ನರಸೀಪುರದ ಗಿರಾಕಿ ಆಗುತ್ತೆ, ಇಷ್ಟೂ ತಿಳಿಯದ ದಡ್ಡನಲ್ಲ ನಾನು ಅಂದೆ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ. ಅಳು ಅಲ್ಲವಂತೆ, ಕಣ್ಣು ಉರಿಯಂತೆ. ಸಂಜೆ ಆದರೆ ಸೂಜಿ ಕಾಣುವುದಿಲ್ಲ, ಇನ್ನು ಎಷ್ಟು ದಿನ ನಾನು ಪೆನ್ಸಿಲ್ ಹಿಡಿಯಲಿ ಅಂತ ಕೇಳಿದಳು. ನಾನು ಸಿಪ್ಪೆ ಬಾಚಿಕೊಂಡು ಎದ್ದುಹೋದೆ.

ಅವಳ ಪೆನ್ಸಿಲ್ ಕೆಲಸದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಲಿಂಗಾಯತರ ಮನೆಗಳಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಗೋಡೆಗೆ ಒರಗಿಸಿ, ಬೀಳದ ಹಾಗೆ ಬಟ್ಟೆ ಕಟ್ಟಿ, ಹಣೆ ತುಂಬ ವಿಭೂತಿ, ಕೊರಳ ತುಂಬ ಹಾರ. ಮಣ್ಣಿಗೆ ಇಡುವುದೂ ಕೂರಿಸಿಯೇ. ಕೂರಿಸಿದ ಮೇಲೆ ಫೋಟೋದವನಿಗೆ ಹೇಳಿ ಕಳಿಸುತ್ತಾರೆ. ಎಷ್ಟೋ ಮುದುಕರಿಗೆ ಮುದುಕಿಯರಿಗೆ ಹುಟ್ಟಿದಾಗಿನಿಂದ ಅದೊಂದೇ ಫೋಟೋ. ಆದರೆ ಗೋಡೆಗೆ ಹಾಕುವ ಫೋಟೋದಲ್ಲಿ ಕಣ್ಣು ಮುಚ್ಚಿದ್ದರೆ ಮನೆಯವರಿಗೆ ಸಮಾಧಾನವಿಲ್ಲ. ಅದಕ್ಕೇ ನಾವು ಕಣ್ಣು ಬಿಡಿಸುತ್ತಿದ್ದೆವು. ನನ್ನ ಹೆಂಡತಿ ಓರೆ ಹಲಗೆಯ ಮೇಲೆ ಬಗ್ಗಿ ಕೂತು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಲ್ಲಿ, ಆಮೇಲೆ ಒಂದೆಳೆಯ ಕುಂಚದಲ್ಲಿ, ಹೋದವರಿಗೆ ಕಣ್ಣು ಬರೆಯುತ್ತಿದ್ದಳು. ಅವಳು ಬರೆದ ಕಣ್ಣುಗಳು ಈ ತಾಲ್ಲೂಕಿನ ಎಷ್ಟೋ ನಡುಮನೆಗಳಲ್ಲಿ ಇವತ್ತಿಗೂ ನೋಡುತ್ತಿವೆ.

ಕ್ಯಾಮೆರಾ ಬಂದ ಎರಡನೇ ವಾರ ಇರಬೇಕು, ಚಿಕ್ಕಯ್ಯನಛತ್ರದ ಕಡೆಯ ಒಂದು ಹಳ್ಳಿಯಿಂದ ಬೆಳಗ್ಗೆಯೇ ಮೋಟಾರ್ ಬೈಕಿನಲ್ಲಿ ಬಂದರು. ಹೋದದ್ದು ವಯಸ್ಸಾದ ಹೆಂಗಸು, ರೈತರ ಮನೆ. ಮಧ್ಯಾಹ್ನದೊಳಗೆ ಮಣ್ಣು, ಬೇಗ ಬನ್ನಿ ಅಂದರು. ನನ್ನ ಹಳೆಯ ಕ್ಯಾಮೆರಾಗೆ ಹೊಸ ರೋಲು ಹಾಕುತ್ತಿದ್ದೆ. ನನ್ನ ಹೆಂಡತಿ ಬಂದು ಡಿಜಿಟಲ್ಲೂ ತಗೊಂಡು ಹೋಗಿ ಅಂತ ಅದನ್ನು ನನ್ನ ಕೊರಳಿಗೆ ಹಾಕಿದಳು. ಬೇಡ ಅಂದೆ. ಇರಲಿ ಅಂದಳು. ಬೈಕಿನವನು ಹಾರ್ನ್ ಹೊಡೆಯುತ್ತಿದ್ದ. ಬೈದುಕೊಳ್ಳುತ್ತಲೇ ಕ್ಯಾಮೆರಾದ ಬಾಗಿಲು ಮುಚ್ಚಿ ಹೊರಟೆ.

ಹಟ್ಟಿ ಬಾಗಿಲಲ್ಲಿ, ಮನೆ ಮುಂದಿನ ಬಿಸಿಲಿನಲ್ಲೇ ಕೂರಿಸಿದ್ದರು. ಪಕ್ಕದಲ್ಲಿ ಭಜನೆ. ನಾನು ನನ್ನ ಅಭ್ಯಾಸದಂತೆ ಸ್ಟ್ಯಾಂಡ್ ಹೂಡಿ, ಹಣೆಯ ವಿಭೂತಿ ಬಿಸಿಲಿಗೆ ಬಿಳಿಚಿಕೊಳ್ಳಬಾರದು ಅಂತ ಒಬ್ಬನ ಕೈಲಿ ಪಂಚೆ ಅಡ್ಡ ಹಿಡಿಸಿ, ಹಾರ ಸರಿ ಮಾಡಿಸಿ, ಆರು ಫೋಟೋ ತೆಗೆದೆ. ಒಂಟಿಯಾಗಿ ಮೂರು, ಮನೆಯವರನ್ನು ಸುತ್ತ ನಿಲ್ಲಿಸಿ ಮೂರು. ಮುಗಿಸುವಾಗ ಹೋದವಳ ಮಗ ನನ್ನ ಕೊರಳ ಕಡೆ ನೋಡಿ, ಅದರಲ್ಲೂ ಒಂದು ತೆಗೀರಿ ಸಾ ಅಂದ. ಅದರಲ್ಲೂ ಒಂದು ತೆಗೆದೆ. ಆ ಪುಟ್ಟ ಪರದೆ ಬಿಸಿಲಿಗೆ ಕನ್ನಡಿಯಾಗಿ ನನ್ನ ಮುಖವೇ ಕಂಡಿತು. ಸೇರಿಗೆ ಸವ್ವಾಸೇರು ಅನ್ನುವ ಹಾಗೆ ಬಂದ ಮೆಷೀನು ಬಿಸಿಲಿಗೇ ಹೆದರುತ್ತೆ ಅಂತ ಒಳಗೊಳಗೇ ಖುಷಿಪಟ್ಟೆ. ಹೌದು, ಸಾವಿನ ಮನೆಯಲ್ಲಿ ನಿಂತು ಖುಷಿಪಟ್ಟೆ. ಮುಚ್ಚಿಡುವುದೇನಿದೆ.

ಮಾರನೇ ದಿನ ಸಂಜೆ ರೋಲನ್ನು ಕಂಡಕ್ಟರ ಕೈಲಿ ಮೈಸೂರಿಗೆ ಕಳಿಸಿದೆ. ಅವತ್ತೇ ಬಾಮೈದ ಯಾವುದೋ ಕೆಲಸಕ್ಕೆ ಬಂದಿದ್ದ. ಊಟಕ್ಕೆ ಕೂತಾಗ ಕ್ಯಾಮೆರಾ ಮಾತು ಬಂತು, ಮಾತಿಗೆ ಮಾತು ಬೆಳೆಯಿತು. ನನ್ನ ಗಿರಾಕಿ ಮೇಲೆ ಕಣ್ಣು ಹಾಕಿದ್ದೀಯ, ನಿನ್ನ ಆಟದ ಸಾಮಾನು ನೀನೇ ಇಟ್ಟುಕೋ ಅಂದುಬಿಟ್ಟೆ. ಅವನು ಅರ್ಧ ಊಟಕ್ಕೇ ಕೈ ತೊಳೆದು, ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಹೋದ. ನನ್ನ ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರನೇ ದಿನ ಮಟಮಟ ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಸ್ಟುಡಿಯೋಗೆ ಬಂದಳು. ಮೂವತ್ತರ ಆಸುಪಾಸು. ಆ ಹೋದ ಹೆಂಗಸಿನ ಮಗಳು, ಬನ್ನೂರಿಗೆ ಕೊಟ್ಟಿದ್ದವಳು. ಸುದ್ದಿ ತಿಳಿದು ಬನ್ನೂರಿಂದ ನರಸೀಪುರ, ನರಸೀಪುರದಿಂದ ಇಲ್ಲಿಗೆ ಬಸ್ಸು ಬದಲಿಸಿ ಹಳ್ಳಿ ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತಂತೆ. ಮುಖ ಸಿಗಲಿಲ್ಲ. ಫೋಟೋ ಬೇಕು ಅಂದಳು. ನಾಳೆ ಬರುತ್ತೆ, ನಾಳಿದ್ದು ಬಾ ತಾಯಿ, ಕಣ್ಣು ಬಿಡಿಸಿ ಫ್ರೇಮು ಹಾಕಿ ಕೊಡುತ್ತೇವೆ ಅಂದೆ.

"ಕಣ್ಣು ಬಿಡಿಸ್‌ಬ್ಯಾಡಿ ಸಾ" ಅಂದಳು. "ಎಂಗದೋ ಅಂಗೇ ಕೊಡಿ."

ಇಪ್ಪತ್ತು ವರ್ಷದಲ್ಲಿ ಆ ಮಾತು ಯಾರೂ ಹೇಳಿರಲಿಲ್ಲ. ನನ್ನ ಹೆಂಡತಿ ಒಳಗಿನಿಂದ ಎದ್ದು ಬಂದು ಅವಳಿಗೆ ನೀರು ಕೊಟ್ಟು ಕೂರಿಸಿದಳು. ಆಮೇಲೆ ಅವಳು ಹೇಳಿದ್ದು ಇಷ್ಟು. ಮೂರು ವರ್ಷದ ಹಿಂದೆ ಇವಳ ಮಗನ ಮುಡಿ, ಇಲ್ಲೇ ನಂಜುಂಡೇಶ್ವರನ ಸನ್ನಿಧಿಯಲ್ಲಿ. ಮೊದಲ ಮುಡಿಗೆ ಮಗು ಸೋದರಮಾವನ ತೊಡೆ ಮೇಲೆ ಕೂರಬೇಕು. ಇವಳ ಅಣ್ಣ ಬರುವುದು ತಡವಾಯಿತು. ಗಂಡನ ಕಡೆಯವರು ಹೊತ್ತು ಮೀರುತ್ತೆ ಅಂತ ಅವಸರಪಡಿಸಿ ಬೇರೆ ಯಾರದೋ ತೊಡೆ ಮೇಲೆ ಕೂರಿಸಿ ಮುಡಿ ತೆಗೆಸಿಬಿಟ್ಟರು. ಅಣ್ಣ ಬಂದು ನೋಡಿ ಬಂದ ದಾರಿಯಲ್ಲೇ ವಾಪಸ್ಸು ಹೋದ. ಇವಳ ತಾಯಿ, ನನ್ನ ಮಗನ ಮಾನ ಕಳೆದೆ, ಇನ್ನು ನಿನ್ನ ಹೊಸಿಲು ತುಳಿಯಲ್ಲ ಅಂತ ಎಲೆ ಮುಂದಿನಿಂದ ಎದ್ದು ಹೋದಳು. ಅಲ್ಲಿಗೆ ಮಾತು ನಿಂತಿತು. ಮೂರು ವರ್ಷ ಇವಳು ಹೋಗಲಿಲ್ಲ, ಅವಳು ಬರಲಿಲ್ಲ.

ಈಗ ಅತ್ತಿಗೆ ಹೇಳುತ್ತಾಳಂತೆ, ನಿಮ್ಮವ್ವ ಕಣ್ಣು ಬಿಟ್ಟುಕೊಂಡೇ ಹೋದರು, ನಾವು ಎಷ್ಟು ಸವರಿದರೂ ಮುಚ್ಚಲಿಲ್ಲ ಅಂತ. ಅಣ್ಣ, ಅದೆಲ್ಲ ಏನೂ ಇಲ್ಲ, ಮುಚ್ಚಿತ್ತು, ಸುಮ್ಮನಿರು ಅನ್ನುತ್ತಾನಂತೆ. ನಮ್ಮ ಕಡೆ ಗೊತ್ತಲ್ಲ, ಯಾರನ್ನಾದರೂ ಕಾಯುತ್ತಾ ಜೀವ ಹೋದರೆ ಕಣ್ಣು ಮುಚ್ಚುವುದಿಲ್ಲ ಅನ್ನುತ್ತಾರೆ. ಅತ್ತಿಗೆ ಚುಚ್ಚಲಿಕ್ಕೆ ಹೇಳಿರಬಹುದು, ಅಣ್ಣ ರಗಳೆ ಬೇಡ ಅಂತ ಹೇಳಿರಬಹುದು, ನಾನು ಇಬ್ಬರನ್ನೂ ನಂಬಲ್ಲ, ಫೋಟೋ ಸುಳ್ಳು ಹೇಳಲ್ಲವಲ್ಲ ಸಾ ಅಂದಳು. ನನ್ನ ಮನಸ್ಸು ತುಂಬಿತು. ಅಷ್ಟು ವರ್ಷದಲ್ಲಿ ನನ್ನ ಜಾತಿಯ ಗಿರಾಕಿ ಒಬ್ಬಳು ಬಂದಿದ್ದಳು. ನೆಗೆಟಿವ್ ಬರಲಿ, ಭೂತಗನ್ನಡಿ ಇಟ್ಟು ನಾನೇ ತೋರಿಸುತ್ತೇನೆ ಅಂತ ಮಾತು ಕೊಟ್ಟೆ.

ಅವಳು ಹೋದ ಮೇಲೆ ನನ್ನ ಹೆಂಡತಿ ಎರಡು ದಿನದ ಮೌನ ಮುರಿದು, ನೀವು ನೋಡಿದ್ದಿರಲ್ಲ, ಕಣ್ಣು ಮುಚ್ಚಿತ್ತೋ ಬಿಟ್ಟಿತ್ತೋ ಅಂತ ಕೇಳಿದಳು. ನೆನಪು ಮಾಡಿಕೊಂಡೆ. ವಿಭೂತಿ ನೆನಪಿತ್ತು. ಹಾರದಲ್ಲಿ ಸೇವಂತಿಗೆ ಇದ್ದದ್ದು, ಅಡ್ಡ ಹಿಡಿದ ಪಂಚೆಗೆ ಹಸಿರು ಅಂಚು ಇದ್ದದ್ದು ನೆನಪಿತ್ತು. ಕಣ್ಣು ನೆನಪಿಗೆ ಬರಲಿಲ್ಲ. ಹೇಗಿದ್ದರೂ ನೀನು ಬಿಡಿಸುವುದೇ ತಾನೆ, ನಾನ್ಯಾಕೆ ನೋಡಲಿ ಅಂದೆ.

ಮರುದಿನ ಮೈಸೂರಿನಿಂದ ಕವರು ಬಂತು. ತೆಳ್ಳಗಿತ್ತು. ಒಳಗೆ ಪ್ರಿಂಟಿರಲಿಲ್ಲ. ತೊಳೆದ ರೋಲು ಉದ್ದಕ್ಕೂ ಖಾಲಿ, ಅಂಚಿನ ನಂಬರು ಮಾತ್ರ. ಲ್ಯಾಬಿನವನ ಮೇಲೆ ಕೆಂಡ ಕಾರಿದೆ. ನನ್ನ ರೋಲು ಕೆಡಿಸಿ ಇನ್ಯಾರದೋ ಖಾಲಿ ರೋಲು ಕಳಿಸಿದ್ದಾನೆ, ಇವತ್ತೇ ಮೈಸೂರಿಗೆ ಹೋಗಿ ಅವನ ಕುತ್ತಿಗೆ ಪಟ್ಟಿ ಹಿಡಿಯುತ್ತೇನೆ ಅಂತ ಚಪ್ಪಲಿ ಮೆಟ್ಟಿದೆ. ನನ್ನ ಹೆಂಡತಿ ಆ ಫಿಲಂ ಎತ್ತಿ ಬೆಳಕಿಗೆ ಹಿಡಿದು ನೋಡಿ, ಆ ದಿನ ಲಿವರ್ ಎಳೆದಾಗ ಈ ಕಡೆಯ ಗುಂಡಿ ತಿರುಗಿತಾ ಅಂತ ಮೆಲ್ಲಗೆ ಕೇಳಿದಳು.

ರೋಲು ಹಾಕಿದ ಮೇಲೆ ಫಿಲಮಿನ ತುದಿ ಹಲ್ಲಿಗೆ ಸಿಕ್ಕಿದೆಯೋ ಇಲ್ಲವೋ ಅಂತ ತಿಳಿಯುವುದು ಆ ಗುಂಡಿಯಿಂದಲೇ. ಲಿವರ್ ಎಳೆದಾಗ ಅದು ತಿರುಗಿದರೆ ಫಿಲಂ ಓಡುತ್ತಿದೆ, ತಿರುಗದಿದ್ದರೆ ನಾವು ಖಾಲಿ ಕ್ಯಾಮೆರಾಗೆ ಟಕ್ ಟಕ್ ಅನ್ನಿಸುತ್ತಿದ್ದೇವೆ. ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ. ಆ ದಿನ ನಾನು ಡಿಜಿಟಲ್ಲಿನ ಜೊತೆ ಜಗಳದಲ್ಲಿದ್ದೆ, ನೋಡಿರಲಿಲ್ಲ. ಚಪ್ಪಲಿ ಬಿಟ್ಟು ಕೂತೆ. ನಾಚಿಕೆ ಅನ್ನುವುದು ಆ ವಯಸ್ಸಿನಲ್ಲಿ ಬಂದರೆ ತುಂಬ ಕಷ್ಟ.

ಉಳಿದದ್ದು ಒಂದೇ ಫೋಟೋ, ಬಾಮೈದನ ಬಿಲ್ಲೆಯಲ್ಲಿದ್ದದ್ದು. ಯಾರಿಗೆ ಎಲೆ ಮುಂದೆ ಅವಮಾನ ಮಾಡಿ ಕಳಿಸಿದ್ದೆನೋ ಅವನ ಬಾಗಿಲಿಗೇ ಹೋಗಬೇಕು. ಮಧ್ಯಾಹ್ನದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಕೆಟ್ಟ ಯೋಚನೆಗಳೇ. ಅಷ್ಟು ಹೊತ್ತಿಗೆ ಅಳಿಸಿರುತ್ತಾನೆ. ಅಳಿಸದಿದ್ದರೂ ಅಳಿಸಿದೆ ಅನ್ನುತ್ತಾನೆ. ಇಟ್ಟಿದ್ದರೆ ನನ್ನನ್ನು ಆಡಿಸಲಿಕ್ಕೆ ಇಟ್ಟಿರುತ್ತಾನೆ. ತಗಡೂರಿನ ಒಬ್ಬ ಪರಿಚಯದ ಮೇಷ್ಟ್ರು ಪಕ್ಕದಲ್ಲಿ ಕೂತು ಎಲ್ಲಿಗೆ ಅಂತ ಕೇಳಿದರೆ, ಇವರಿಗ್ಯಾಕೆ ಇದು ಅನ್ನಿಸಿ ಉತ್ತರ ಕೊಡಲಿಲ್ಲ.

ಬಾಮೈದ ನನ್ನನ್ನು ನೋಡಿ ಎದ್ದು ನಿಂತ. ಬನ್ನಿ ಭಾವ ಅಂದ. ನಡೆದದ್ದನ್ನೆಲ್ಲ ತಲೆ ತಗ್ಗಿಸಿ ಹೇಳಿದೆ. ಆ ರೋಲಿನ ವಿಷಯ ಕೇಳಿ ಅವನು ನಗಲಿಲ್ಲ. ಫೋಟೋ ಇದೆ ಭಾವ, ನೀವು ಬೈದು ಕಳಿಸಿದರೂ ನಿಮ್ಮ ಕೆಲಸ ನಿಲ್ಲಬಾರದು ಅಂತ ಆ ರಾತ್ರಿಯೇ ಮುಗಿಸಿ ಇಟ್ಟಿದ್ದೇನೆ ಅಂದ. ಒಳಗಿನಿಂದ ದೊಡ್ಡ ಪ್ರಿಂಟು ತಂದು ಮೇಜಿನ ಮೇಲೆ ಹರಡಿದ.

ಹಟ್ಟಿ ಬಾಗಿಲು ಇರಲಿಲ್ಲ. ಹಿಂದೆ ಹಿಮದ ಬೆಟ್ಟ, ನೀಲಿ ಆಕಾಶ, ಕೈಲಾಸ. ಆ ಮುದುಕಿ ಜೀವಮಾನದಲ್ಲಿ ಮೈಸೂರು ಕಂಡಿದ್ದರೆ ಹೆಚ್ಚು. ಮುಖ ಅವಳದೇ. ಕಣ್ಣುಗಳು ಅಗಲವಾಗಿ ತೆರೆದಿದ್ದವು, ಹೊಳೆಯುತ್ತಿದ್ದವು, ಯಾವುದೋ ಬೇರೆ ಫೋಟೋದಿಂದ ತೆಗೆದು ಕೂರಿಸಿದ್ದ. ಎರಡೇ ನಿಮಿಷದ ಕೆಲಸ ಭಾವ, ಅಕ್ಕನ ಕಣ್ಣಿಗೂ ತ್ರಾಸವಿಲ್ಲ ಅಂದ. ಚೆನ್ನಾಗಿದೆ, ಇದನ್ನು ಮಾಡುವ ಮೊದಲಿನದು ತೋರಿಸು ಅಂದೆ. ಅವನ ಮುಖ ಸಣ್ಣಗಾಯಿತು. ಅದರ ಮೇಲೇ ಮಾಡಿ ಅದೇ ಹೆಸರಿನಲ್ಲಿ ಉಳಿಸಿದ್ದನಂತೆ. ಹಳೆಯದು ಹೋಯಿತು. ಬಿಲ್ಲೆಯನ್ನು ಬೆಳಗ್ಗೆಯೇ ಒರೆಸಿ ಇನ್ನೊಂದು ಮದುವೆಗೆ ಕಳಿಸಿದ್ದನಂತೆ. ಹೋದವರ ಫೋಟೋ ಇದ್ದ ಹಾಗೇ ಯಾರಿಗೆ ಬೇಕು ಅಂದುಕೊಂಡೆ ಭಾವ ಅಂದ.

ನೀನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದ್ದೀಯ, ಕಣ್ಣು ಹೇಗಿತ್ತು ಅಷ್ಟು ಹೇಳು ಸಾಕು ಅಂದೆ. ಅವನು ಪ್ರಿಂಟಿನ ಮೇಲೆ ಬಗ್ಗಿ ನೋಡಿದ. ಗಮನಿಸಲಿಲ್ಲ ಭಾವ, ಮೇಲೆ ಬೇರೆ ಕಣ್ಣು ಕೂರಿಸುವಾಗ ಕೆಳಗಿನದನ್ನು ಯಾರು ನೋಡುತ್ತಾರೆ ಅಂದ. ಇವನು ಏನೋ ಬಚ್ಚಿಡುತ್ತಿದ್ದಾನೆ ಅಂತ ಅವನ ಮುಖವನ್ನೇ ದಿಟ್ಟಿಸಿದೆ. ಬಚ್ಚಿಡಲು ಅವನ ಹತ್ತಿರ ಏನೂ ಇರಲಿಲ್ಲ. ನಾನೂ ಅದನ್ನೇ ಮಾಡಿದ್ದವನು, ಆಡುವುದಕ್ಕೆ ನನಗೇನು ಬಾಯಿ? ಪ್ರಿಂಟು ಸುರುಳಿ ಸುತ್ತಿಕೊಂಡು ಕಡೆಯ ಬಸ್ಸಿಗೆ ವಾಪಸ್ಸಾದೆ.

ಇದ್ದದ್ದು ಇದ್ದ ಹಾಗೆ ಹೇಳಿಬಿಡಿ ಅಂದಳು ನನ್ನ ಹೆಂಡತಿ. ರೋಲು ಓಡಲಿಲ್ಲ, ನಾವು ನೋಡಲಿಲ್ಲ, ತಪ್ಪಾಯಿತು ಅನ್ನಿ ಅಂದಳು. ಹಾಗೇ ಹೇಳುತ್ತೇನೆ ಅಂತ ನಾನೂ ಒಪ್ಪಿಕೊಂಡಿದ್ದೆ.

ಆ ಹೆಣ್ಣುಮಗಳು ಬಂದಾಗ ನನ್ನ ಹೆಂಡತಿ ಮನೆಯಲ್ಲಿದ್ದಳು, ಸ್ಟುಡಿಯೋದಲ್ಲಿ ನಾನೊಬ್ಬನೇ. ಪ್ರಿಂಟು ಬಿಚ್ಚಿ ತೋರಿಸಿದೆ. ಅವಳು ಕೈಲಾಸವನ್ನೂ ನೋಡಲಿಲ್ಲ, ಹಾರವನ್ನೂ ನೋಡಲಿಲ್ಲ. ಕಣ್ಣುಗಳ ಮೇಲೆ ಬೆರಳಿಟ್ಟು, ಇದು ನಮ್ಮವ್ವನ ಕಣ್ಣಲ್ಲ, ಬಿಡಿಸಬೇಡಿ ಅಂದಿದ್ದೆನಲ್ಲ ಸಾ ಅಂದಳು. ನರಸೀಪುರದವರು ತಿಳಿಯದೆ ಹೀಗೆ ಮಾಡಿಬಿಟ್ಟರು, ಮೊದಲಿನದು ಅಳಿಸಿಹೋಯಿತು, ಈ ಡಿಜಿಟಲ್ಲೇ ಹೀಗೆ ಕಣಮ್ಮ ಅಂದೆ. ನೆಗೆಟಿವ್ ಅಂದಿರಲ್ಲ ಅಂದಳು. ಲ್ಯಾಬಿನಲ್ಲಿ ಕೆಟ್ಟಿತು ಅಂದೆ. ಬಾಯಿಗೆ ಬಂದದ್ದು ಅದೇ. ಇಪ್ಪತ್ತು ವರ್ಷದ ಹೆಸರು, ಒಂದು ಗುಂಡಿ ನೋಡದೆ ಕಳೆದೆ ಅಂತ ಹೇಳುವುದಕ್ಕೆ ನಾಲಿಗೆ ಹೊರಳಲಿಲ್ಲ.

ಅವಳು ಪ್ರಿಂಟು ಬಿಟ್ಟು ನನ್ನನ್ನು ನೋಡಿದಳು. "ನೀವು ಎದುರಿಗೇ ನಿಂತಿದ್ರಲ್ಲ ಸಾ. ನೀವು ನೋಡಿದ್ರಾ?"

ಮೂರು ವರ್ಷ ಮಾತಿಲ್ಲದೆ ಇದ್ದವಳು, ಮುಖ ಸಿಗದವಳು. ತಾಯಿ ಕಾಯುತ್ತಾ ಕಾಯುತ್ತಾ ಹೋದಳು ಅಂದರೆ ಬದುಕಿರುವ ತನಕ ಇವಳಿಗೆ ನೆಮ್ಮದಿಯಿಲ್ಲ ಅಂತ ಲೆಕ್ಕ ಹಾಕಿದೆ. ಅಷ್ಟೇ ಅಲ್ಲ, ನೋಡಲಿಲ್ಲ ಅಂದರೆ ಇವನೆಂಥ ಫೋಟೋದವನು ಅಂದಾಳು ಅಂತಲೂ ಇತ್ತು. ಎರಡೂ ಒಟ್ಟಿಗೇ ಇದ್ದವು.

"ನೋಡಿದೆ ತಾಯಿ" ಅಂದೆ. "ಮುಚ್ಚಿತ್ತು. ನಿದ್ದೆ ಮಾಡ್ತಿರೋರ ಹಾಗೆ ಇದ್ರು."

ಅವಳು ಪ್ರಿಂಟನ್ನು ಮತ್ತೆ ಸುರುಳಿ ಸುತ್ತಿದಳು, ಸುತ್ತಿದ್ದು ಸರಿಯಾಗಲಿಲ್ಲ ಅಂತ ಬಿಚ್ಚಿ ಇನ್ನೊಮ್ಮೆ ಸುತ್ತಿದಳು. ಆಮೇಲೆ ಬಾಗಿಲ ಕಡೆ ನೋಡುತ್ತಾ ಹೇಳಿದಳು. "ಅತ್ಗೆ ಚುಚ್ಚಕ್ಕೇ ಹೇಳುದ್ರೂ ನಿಜಾನೇ ಇರ್ಲಿ ಅನ್ಕಂಡಿದ್ದೆ ಸಾ. ಕಣ್ ಬಿಟ್ಕಂಡಿದ್ರೆ ನನ್ ಕಾಯ್ತಿತ್ತು ಅಂತಾದ್ರೂ ಆಯ್ತಿತ್ತು. ಮುಚ್ಕಂಡಿತ್ತು ಅಂದ್ರೆ ನಮ್ಮವ್ವ ನನ್ನ ಕಾಯ್ನೇ ಇಲ್ಲ."

ಅಷ್ಟು ಹೇಳಿ ಮೆಟ್ಟಿಲಿಳಿದು ಹೋದಳು.

ನಾನು ಅಲ್ಲೇ ಕೂತಿದ್ದೆ. ಜಗತ್ತಿನಲ್ಲಿ ಎಲ್ಲರ ಮನಸ್ಸಿನ ಒಳಗೆ ಏನಿದೆ ಅಂತ ನನಗೆ ಗೊತ್ತು ಅಂದುಕೊಂಡು ಬದುಕಿದವನು ನಾನು, ಹಾಲಿನವಳದು, ಲ್ಯಾಬಿನವನದು, ಬಾಮೈದನದು. ಎದುರಿಗೆ ಕೂತು ಬಾಯಿಬಿಟ್ಟು ಕೇಳಿದವಳ ಮನಸ್ಸು ನನಗೆ ತಿಳಿದಿರಲಿಲ್ಲ. ಅಂಗಡಿ ಬಾಗಿಲು ಹಾಗೇ ತೆಗೆದಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ಓಡುವ ವಯಸ್ಸೂ ಅಲ್ಲ, ಓಡುವ ಮೈಯೂ ಅಲ್ಲ. ದಾರಿಯಲ್ಲಿ ಯಾರೋ, ಏನಾಯ್ತು ಸಾ, ಯಾಕೆ ಓಡ್ತೀರಿ ಅಂತ ಕೂಗಿದರು.

ನರಸೀಪುರದ ಬಸ್ಸು ನಿಂತಿತ್ತು. ಅವಳು ಕಿಟಕಿ ಪಕ್ಕ ಕೂತಿದ್ದಳು, ಪ್ರಿಂಟು ತೊಡೆಯ ಮೇಲೆ. ಕಿಟಕಿಯ ಕಂಬಿ ಹಿಡಿದುಕೊಂಡು, ಏದುಸಿರು ಬಿಡುತ್ತಲೇ ಎಲ್ಲ ಹೇಳಿಬಿಟ್ಟೆ. ಲ್ಯಾಬಿನಲ್ಲಿ ಕೆಡಲಿಲ್ಲ ತಾಯಿ, ರೋಲನ್ನು ನಾನೇ ಸರಿಯಾಗಿ ಹಾಕಿರಲಿಲ್ಲ. ಕಣ್ಣು ನಾನು ನೋಡಲೇ ಇಲ್ಲ. ಬಿಟ್ಟಿತ್ತೋ ಮುಚ್ಚಿತ್ತೋ ಆ ದೇವರಾಣೆಗೂ ನನಗೆ ಗೊತ್ತಿಲ್ಲ. ನಿನಗೆ ಸಮಾಧಾನವಾಗಲಿ ಅಂತ ಸುಳ್ಳು ಹೇಳಿದೆ. ನಿಮ್ಮತ್ತಿಗೆ ಹೇಳಿದ್ದೇ ನಿಜ ಇರಬಹುದು, ನಿಮ್ಮವ್ವ ಕಾಯ್ತಾನೇ ಇದ್ದಿರಬಹುದು. ಸುತ್ತಲಿನ ಸೀಟಿನವರು ತಿರುಗಿ ನೋಡುತ್ತಿದ್ದರು. ನೋಡಲಿ ಅನ್ನಿಸಿತು.

ಅವಳು ಪೂರ್ತಿ ಕೇಳಿದಳು. ಹಾಲಿನವಳ ಹೆಬ್ಬೆರಳನ್ನು ನಾನು ಹೇಗೆ ನೋಡುತ್ತಿದ್ದೆನೋ ಹಾಗೆ ನನ್ನ ಮುಖ ನೋಡಿದಳು. ಡ್ರೈವರು ಬಸ್ಸು ಸ್ಟಾರ್ಟ್ ಮಾಡಿದ.

"ಈಗ್ ಹೇಳ್ತಿರೋದೂ ನನ್ ಸಮಾಧಾನಕ್ಕೇ ಅಲ್ವಾ ಸಾ?" ಅಂದಳು.

ಅಲ್ಲ ಅಂದೆ. ನಿಜ ಅಂದೆ. ಕಂಡಕ್ಟರು ಕೈ ಬಿಡಿ ಸಾ ಅಂದ. ಬಿಟ್ಟೆ. ಅವಳಿಗೆ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.